ಹದಿನೇಳನೆಯ ನಂಬರಿನ ಮರಿ

ಸುಷ್ಮಿತಾ ಮೊದಲ ಸಲ ನಮ್ಮ ಹಟ್ಟಿಗೆ ಬಂದಾಗ ಅವಳ ಚೀಲದ ಸೂಜಿಗಳನ್ನು ನೋಡಿ ಹೊಳಗುಂದದವರೆಗೆ ಓಡಿದವರಿದ್ದಾರೆ. ಒಂದೊಂದು ಸೂಜಿ ಹಾರೆಯಷ್ಟು ದಪ್ಪ. ನಾನು ಮಾತ್ರ ಓಡಲಿಲ್ಲ. ಧೈರ್ಯವೇನಲ್ಲ, ಮೊಣಕಾಲು ನೋವು.

ಪೆದ್ದಕಡುಬೂರಿನ ಕಡೆಯ ಹುಡುಗಿ, ದೊಡ್ಡ ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಕುರಿಮರಿಗಳೂ ಸಣ್ಣ ಮಕ್ಕಳೂ ಒಂದೇ ಥರ ಭೇದಿಯಾಗಿ ಸೊರಗುವುದು ಯಾತರಿಂದ ಎಂದು ಹುಡುಕಲು ಬಂದಿದ್ದಳು. ಅವಳಿಗೆ ನೀರಿನ ಮೇಲೆ ಅನುಮಾನ. ನಮ್ಮ ಹಟ್ಟಿಯ ಅರ್ಧ ಮನೆಗಳು ರಸ್ತೆ ಬದಿಯ ನಲ್ಲಿ ನೀರು ಕುಡಿಯುತ್ತವೆ. ಉಳಿದ ಅರ್ಧಕ್ಕೆ ಬೋರಿನ ಪಕ್ಕದ ತೊಟ್ಟಿಯೇ ಗತಿ. ಅದಕ್ಕೆ ಕುರಿಗಳೂ ಬಾಯಿ ಹಾಕುತ್ತವೆ, ನಾವೂ ಕೊಡ ಮುಳುಗಿಸುತ್ತೇವೆ. ಎರಡೂ ಕಡೆಯಿಂದ ಅವಳು ಇಪ್ಪತ್ತಿಪ್ಪತ್ತು ಮಕ್ಕಳನ್ನು ಬರೆದುಕೊಂಡಳು. ಈ ಸೂಲಿನ ಮರಿಗಳಿಗೂ ಹುಟ್ಟಿದ ಹಾಗೆಲ್ಲ ಕೊರಳಿಗೆ ನಂಬರಿನ ಬಿಲ್ಲೆ ಕಟ್ಟಿಸಿದಳು, ಅವೂ ಇಪ್ಪತ್ತಿಪ್ಪತ್ತು. ಹದಿನೈದು ದಿನಕ್ಕೊಮ್ಮೆ ಬಂದು ಎಲ್ಲವನ್ನೂ ತೂಗುತ್ತಿದ್ದಳು.

ನನ್ನ ಮೊಮ್ಮಗಳು ಭುವನಾ ತೊಟ್ಟಿ ಕಡೆಯ ಪಟ್ಟಿಯಲ್ಲಿದ್ದಳು. ಎರಡು ವರ್ಷ ತುಂಬಿದರೂ ಎಂಟು ಕೆಜಿ ದಾಟಿರಲಿಲ್ಲ. ನಮ್ಮ ಮನೆಯ ಹುಂಜ ಅವಳಿಗಿಂತ ದಪ್ಪಗಿತ್ತು. ತಿಂಗಳಿಗೆ ಮೂರು ಸಲ ಭೇದಿ. ಎತ್ತಿಕೊಂಡರೆ ಬಟ್ಟೆಯನ್ನಷ್ಟೇ ಎತ್ತಿಕೊಂಡ ಹಾಗಿರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸುಷ್ಮಿತಾ ನನ್ನ ಮಂಚದ ಮೇಲೆ ಬಂದು ಕುಸಿದಳು.

"ಅವ್ವಾ, ನೀರಿಂದೇನೂ ತಪ್ಪಿಲ್ಲ ಅನಿಸ್ತೈತಿ. ಈ ಊರಾಗಿನ ಕೆಲ್ಸ ಮುಗಿಸಿ ಬಾ ಅಂದಾರ ನಮ್ಮ ಸಾರ್."

"ತಪ್ಪಿಲ್ಲಂದ್ರ? ನನ್ನ ಮೊಮ್ಮಗಳು ಗಾಳಿಗೆ ಹಾರಿಹೋಗಂಗ ಅದಾಳ!"

"ಒಂದ ಮಗು ನೋಡಿ ಹೇಳಾಕ ಬರಂಗಿಲ್ಲವ್ವ. ಎರಡು ತಿಂಗಳಾಗ ಮಕ್ಕಳ ತೂಕದಿಂದ ಏನೂ ಗೊತ್ತಾಗಂಗಿಲ್ಲ. ತೊಟ್ಟಿ ಕಡಿ ಮರಿ ಒಂದೂ ಸತ್ತಿಲ್ಲ. ಇಪ್ಪತ್ತಕ್ಕ ಇಪ್ಪತ್ತೂ ಅದಾವು. ಹದಿನೇಳನೇ ನಂಬರಂತೂ ಹದಿನೈದು ದಿನದಾಗ ಮೂರು ಕೆಜಿ ಏರೈತಿ!"

ನನಗೆ ನಗು ಬಂತು, ಅಲ್ಲೇ ಒಣಗಿತು. ಹದಿನೇಳನೆಯ ಮರಿಯನ್ನು ಜಾಲಿ ಗಿಡದ ಬುಡದಲ್ಲಿ ಮಣ್ಣು ಮಾಡಿದ್ದನ್ನು ಈ ಕಣ್ಣಿಂದಲೇ ನೋಡಿದ್ದೆ.

"ಯರ್ರೆಪ್ಪಾ!" ಎಂದು ಕೂಗಿದೆ. ನನ್ನ ಕೂಗು ಆದೋನಿ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಸಿರಬೇಕು. ಯರ್ರೆಪ್ಪ ನನ್ನ ಗಂಡನ ತಮ್ಮ. ಇಡೀ ಹಟ್ಟಿಯ ಮರಿಗಳನ್ನು ನೋಡಿಕೊಳ್ಳುವವನು ಅವನೇ. ದೊಡ್ಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದ.

"ಹದಿನೇಳನೇ ನಂಬರು ಸ್ವರ್ಗಕ್ಕ ಹೋಗಿ, ಮೂರು ಕೆಜಿ ಮೈ ತುಂಬಿಕೊಂಡು ತಿರುಗಿ ಬಂದೈತಂತಲ್ಲೋ?"

"ಮುಂಜಾನಿ ಎದ್ದು ನಾನ ಸಿಕ್ಕೇನು ನಿನಗ, ಅತ್ತಿಗೆವ್ವ?"

"ಸತ್ತ ಮರಿ ಬಿಲ್ಲೆ ಏನು ಮಾಡಿದಿ, ಅದನ್ನ ಹೇಳು."

"ಏನು ಮಾಡ್ತಾರ? ತೊಗಲಿನ ಜತಿ ಅದನ್ನೂ ಕಟ್ಟೀನಿ."

ಸುಷ್ಮಿತಾಗೆ ಅರ್ಥವಾಗಲಿಲ್ಲ. ನಾನೇ ಬಿಡಿಸಿ ಹೇಳಿದೆ. ಮರಿ ಸತ್ತರೆ ತಾಯಿ ಕುರಿ ಒದರಾಡುತ್ತದೆ, ಕೆಚ್ಚಲು ಬಾತುಕೊಳ್ಳುತ್ತದೆ. ಆಗ ಸತ್ತ ಮರಿಯ ತೊಗಲು ಸುಲಿದು, ತಾಯಿಯಿಲ್ಲದ ಮರಿಗೋ ಅವಳಿಯಲ್ಲಿ ಒಂದಕ್ಕೋ ಅಂಗಿಯ ಹಾಗೆ ತೊಡಿಸುತ್ತೇವೆ. ತಾಯಿ ಮೂಸುತ್ತದೆ, ತನ್ನದೇ ಎಂದು ಹಾಲು ಕೊಡುತ್ತದೆ. ಮೂರು ದಿನಕ್ಕೆ ತೊಗಲು ತೆಗೆದರೂ ಆಮೇಲೆ ಒದೆಯುವುದಿಲ್ಲ. ನಮ್ಮ ಅತ್ತೆಯೂ ಹಾಗೇ ಮಾಡುತ್ತಿದ್ದಳು.

"ಬಿಲ್ಲೆ ದಾರಕ್ಕ ವಾಸ್ನಿ ಕುಂತಿರ್ತೈತಮ್ಮಾ," ಎಂದ ಯರ್ರೆಪ್ಪ. "ಅದನ್ನ ತೆಗದ್ರ ಕುರಿ ಒಪ್ಪಂಗಿಲ್ಲ. ಒಪ್ಪಿದ ಮ್ಯಾಲ ಮರಿ ಅದರದ ಆತು. ನಂಬರೂ ಅದರದ."

ಸುಷ್ಮಿತಾಳ ಮುಖ ಸುಣ್ಣದಂತಾಯಿತು. "ತಾತಾ, ಇಂಥವು ಎಷ್ಟು ಅದಾವು?"

ಯರ್ರೆಪ್ಪ ಹೊರಟೇಬಿಡುವವನ ಹಾಗೆ ತಿರುಗಿದ. ಅವನ ಕೈಯಲ್ಲಿ ಮರಿ ಸಾಯುವುದಿಲ್ಲವೆಂದು ಚಿಪ್ಪಗಿರಿಯವರೆಗೆ ಹೆಸರು. ಆ ಹೆಸರನ್ನು ಕಾಪಾಡಲು ಅವನು ಉಪವಾಸ ಬೇಕಾದರೂ ಬಿದ್ದಾನು. ನಾನು ಭುವನಾಳನ್ನು ತಂದು ಅವನ ತೋಳಿಗೆ ಹಾಕಿದೆ.

"ಇಕಿನ್ನ ಎತ್ತಿಕೊಂಡು ಹೇಳು."

ಅವಳು ಅವನ ಮೀಸೆ ಹಿಡಿಯಲು ಹೋದಳು, ಕೈ ಅಲ್ಲಿಯವರೆಗೂ ಏರಲಿಲ್ಲ. ಅವನು ದೊಡ್ಡಿಯ ಕಡೆ ನಡೆದ. ಮಗುವನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಒಂದೊಂದೇ ಮರಿಯ ಬೆನ್ನು ಮುಟ್ಟಿದ. "ಇದು ಸ್ವಂತದ್ದು. ಇದು ಅವಳಿಯಾಗಿಂದು. ಇದು ಚಿಪ್ಪಗಿರಿ ಬೀಗರ ಹಟ್ಟಿದು." ಸುಷ್ಮಿತಾ ಬರೆಯುತ್ತ ಹೋದಳು. ತೊಟ್ಟಿ ಕಡೆ ಸತ್ತವು ಒಂಬತ್ತು. ನಲ್ಲಿ ಕಡೆ ಒಂದು.

"ನೋಡಿದೇನವ್ವ? ಇನ್ನೇನು ಬೇಕು ನಿಮ್ಮ ಸಾರಿಗೆ?" ಎಂದೆ.

"ಬಾಯಿಮಾತು ನಡಿಯಂಗಿಲ್ಲವ್ವ. ಸತ್ತ ಮರಿ ನನ್ನ ಕೈಗೆ ಸಿಕ್ಕಿದ್ರ, ಕರುಳಾಗ ಯಾವ ಹುಳ ಐತಿ, ತೊಟ್ಟಿ ನೀರಾಗೂ ಅದ ಐತೇನು ಅಂತ ನೋಡ್ತಿದ್ದೆ. ಈಗ ಮೊದ್ಲಿಂದ ಮಾಡ್ಬೇಕು. ಸಾರ್ ಬ್ಯಾಡ ಅಂತಾರ."

"ಫೋನ್ ಹಚ್ಚು."

ಅವಳು ಹಚ್ಚಿದಳು. "ಸಾರ್, ನಾ ಲೆಕ್ಕಲು ತಪ್ಪು ಸಾರ್," ಎಂದು ತೆಲುಗಿನಲ್ಲಿ ತನ್ನ ಲೆಕ್ಕ ತಪ್ಪಿದ್ದನ್ನು ಹೇಳಲು ಶುರು ಮಾಡುವಷ್ಟರಲ್ಲಿ ಆ ಕಡೆಯಿಂದ ಗುಡುಗು. ನಾನು ಫೋನ್ ಕಸಿದುಕೊಂಡೆ.

"ಸಾರ್ರೂ, ನಾನು ಉಚ್ಚಮ್ಮ. ನನಗ ನೂರಾ ಇಪ್ಪತ್ತು ವರ್ಷ, ನನ್ನ ಮುಂದ ಒದರಬ್ಯಾಡ್ರಿ. ಮರಿ ಸತ್ತಿದ್ದು ಹೇಳದ ಇದ್ದದ್ದು ನಾವು. ಹುಡುಗಿನ್ನ ಬೈದು ಏನು ಮಾಡ್ತೀರಿ? ಮುಂದಿನ ಸೂಲಿಗೂ ಕಳಸ್ರಿ. ಒಂದು ಮರಿ ಕೆಮ್ಮಿದ್ರೂ ನಿಮಗ ಫೋನ್ ಬರ್ತೈತಿ. ನಡುರಾತ್ರ್ಯಾಗ ಆದ್ರೂ ಹಚ್ಚತೀನಿ."

ಆ ಕಡೆಯ ಗುಡುಗು ಇಳಿಯಿತು. ಆಮೇಲೆ, ಇನ್ನೊಂದು ಸೂಲು, ಅದಕ್ಕಿಂತ ಒಂದು ದಿನ ಹೆಚ್ಚಿಲ್ಲ, ಎಂದರು ಸಾರ್.

ಸುಷ್ಮಿತಾ ಕಣ್ಣೊರೆಸಿಕೊಂಡಳು. "ಅವ್ವಾ, ಅಲ್ಲಿ ತನಕ ಕಾಯಬ್ಯಾಡ್ರಿ. ಭುವನಾಗ ಇವತ್ತಿಂದನ ನೀರು ಕುದಿಸಿ ಆರಿಸಿ ಕುಡಸ್ರಿ. ತೊಟ್ಟಿ ಕಡಿ ಎಲ್ಲಾ ಮಕ್ಕಳಿಗೂ."

"ಹಂಗ ಮಾಡಿದ್ರ ನಿನ್ನ ಲೆಕ್ಕ ಕೆಡಂಗಿಲ್ಲೇನು?"

"ಕೆಟ್ರ ಕೆಡ್ಲಿ. ಕುದಿಸಿದ ನೀರು ಅಂತ ಬರಕೊಂತೀನಿ. ಲೆಕ್ಕಕ್ಕ ಮರಿ ಅದಾವಲ್ಲ."

ಅಷ್ಟರಲ್ಲಿ ಯರ್ರೆಪ್ಪ ಮಗುವನ್ನು ನನ್ನ ಕೈಗೆ ಕೊಟ್ಟು, ಸಲಿಕೆ ಹೊತ್ತು ಜಾಲಿ ಗಿಡದ ಕಡೆ ಹೋದ. ಬರುವಾಗ ಗೋಣಿಚೀಲದಲ್ಲಿ ಏನನ್ನೋ ಸುತ್ತಿಕೊಂಡು ಬಂದ. ನನ್ನ ಮುಖ ನೋಡಲಿಲ್ಲ.

"ಒಂಬತ್ತಲ್ಲ ಅತ್ತಿಗೆವ್ವ, ಹತ್ತು. ನಸುಕಿನ್ಯಾಗ ಹೋತು. ತೊಗಲು ಅಲ್ಲಿ ಮೂಲ್ಯಾಗ ಇನ್ನೊಂದರ ಮೈಮ್ಯಾಲ ಐತಿ. ಕರುಳು ಮುಟ್ಟಿಲ್ಲಮ್ಮಾ, ಇದ್ದಂಗ ಐತಿ."

ಸುಷ್ಮಿತಾ ಚೀಲದಿಂದ ರಬ್ಬರಿನ ಕೈಗವಸು ತೆಗೆದು ಏರಿಸಿದಳು. ಕೂದಲು ಬಿಗಿದು ಕಟ್ಟಿದಳು. "ನೆರಳಿನ್ಯಾಗ ಒಂದು ಹಲಗಿ ಬೇಕು ತಾತಾ," ಎಂದಳು.

ಅವನು ಹಲಗೆ ತರಲು ಓಡಿದ. ನಾನು ಭುವನಾಳನ್ನು ಸೊಂಟಕ್ಕೇರಿಸಿ, ಒಲೆಗೆ ಬೆಂಕಿ ಹಚ್ಚಿ, ದೊಡ್ಡ ಪಾತ್ರೆಯ ತುಂಬ ನೀರಿಟ್ಟೆ.