ಕಣ್ಣಿನ ಸುತ್ತ ಬಿಟ್ಟ ಜಾಗ

ಆ ಅಂಗಡಿಯಲ್ಲಿ ಅವಳ ಅಪ್ಪನನ್ನು ಎಲ್ಲರೂ ಕೂದಲೆಳೆ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಟೀ ಶರ್ಟಿನ ಮೇಲೆ ನಾಲ್ಕು ಬಣ್ಣದ ಚಿತ್ರ ಅಚ್ಚು ಹಾಕಬೇಕಾದರೆ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು, ಬಣ್ಣ ಇಳಿಯುವ ಜಾಲರಿಯ ಚೌಕಟ್ಟು, ಬೇಕು. ಮೊದಲ ಬಣ್ಣದ ಅಂಚಿಗೆ ಎರಡನೆಯದು ತಾಗಿ ಕೂರಬೇಕು, ಎರಡನೆಯದಕ್ಕೆ ಮೂರನೆಯದು. ಕೊಂಚ ಜರುಗಿದರೂ ತುಟಿಯ ಕೆಂಪು ಕೆನ್ನೆಗೆ ಹೋಗಿ ಕೂರುತ್ತದೆ. ಇಪ್ಪತ್ತಾರು ವರ್ಷ ಅಪ್ಪ ಹಚ್ಚಿದ ಬಣ್ಣ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ.

ಮಗಳು ಅದೇ ಅಂಗಡಿಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಗಿರಾಕಿಗಳು ಕಳಿಸಿದ ಚಿತ್ರವನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ, ಒಂದೊಂದಕ್ಕೂ ಸ್ಕ್ರೀನು ಮಾಡಲು ಬೇಕಾದ ಕಪ್ಪು ಫಿಲ್ಮು ತೆಗೆದು, ಜೋಡಿಸಿಕೊಳ್ಳಲು ಸುತ್ತ ಪ್ಲಸ್ ಗುರುತು ಇಟ್ಟು ಕೊಡುವುದು ಅವಳ ಕೆಲಸ. ಕ್ಲಾಸಿನಲ್ಲಿ ಎದ್ದು ನಿಂತರೆ ಗೊತ್ತಿದ್ದ ಉತ್ತರವೂ ಗಂಟಲಲ್ಲೇ ಉಳಿಯುತ್ತಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಬಂದಿದ್ದಳು. ಅಚ್ಚಾದ ಶರ್ಟುಗಳನ್ನು ಬಿಸಿ ಯಂತ್ರದಲ್ಲಿ ಒಣಗಿಸುವ ಹೆಂಗಸನ್ನು ಎಲ್ಲರೂ ಒಲೆ ಚಿಕ್ಕಮ್ಮ ಅನ್ನುತ್ತಿದ್ದರು. ಆಕೆಗೆ ಇವಳನ್ನು ಕೆಣಕದಿದ್ದರೆ ಹೊತ್ತು ಹೋಗದು. "ಸ್ಕ್ರೀನಿನ ತೂತಿಗೆ ಮದ್ದು ಬಳಿದು ಮುಚ್ತೀವಲ್ಲ, ಹಂಗೆ ಇವಳ ಬಾಯಿಗೂ ಯಾರೋ ಬಳಿದುಬಿಟ್ಟವ್ರೆ. ಬೆಳಕಿಗೆ ಹಿಡಿದು ತೊಳೆದ್ರೆ ಬಿಟ್ಕೊಂಡೀತು" ಅನ್ನುತ್ತಿದ್ದಳು.

ಬಾಯಿಲ್ಲದವಳಿಗೆ ಕಣ್ಣು ಮಾತ್ರ ಚುರುಕಾಗಿತ್ತು. ಅಪ್ಪ ಮಾತನಾಡುವಾಗ ಎದುರಿನವರ ಮುಖ ಬಿಟ್ಟು ಪಕ್ಕದ ಗೋಡೆಯತ್ತ ತಿರುಗುವುದನ್ನು ಮೊದಲು ಕಂಡವಳು ಅವಳೇ. ಮೇಷ್ಟ್ರಿಗೆ ದೊಡ್ಡಸ್ತಿಕೆ ಬಂತು, ನಮ್ಮಂಥವರ ಮುಖ ನೋಡಿದರೆ ಆಗದು ಎಂದು ಚಿಕ್ಕಮ್ಮ ಆಡಿಕೊಂಡಳು. ಮಗಳಿಗೆ ನಗು ಬರಲಿಲ್ಲ. ಸ್ಕ್ರೀನು ಜೋಡಿಸುವಾಗ ಅಪ್ಪ ಕೋಳಿ ಕಾಳು ನೋಡುವ ಹಾಗೆ ಕತ್ತು ಓರೆ ಮಾಡಿ ಪ್ಲಸ್ ಗುರುತನ್ನು ಹುಡುಕುತ್ತಿದ್ದ. ನೇರ ನೋಡಿದ್ದು ಮಾಯ, ಅಂಚಿನಲ್ಲಿದ್ದದ್ದು ಮಾತ್ರ ಕಾಣುತ್ತಿತ್ತು. ಒಬ್ಬನೇ ಆಸ್ಪತ್ರೆಗೆ ಹೋಗಿಬಂದ ದಿನ, "ಏನಿಲ್ಲ, ವಯಸ್ಸು" ಅಂದ. ಅಲಮಾರಿಗೆ ಹಾಸಿದ್ದ ಕಾಗದದ ಕೆಳಗೆ ಡಾಕ್ಟರ ಚೀಟಿ ಅವಳಿಗೆ ಸಿಕ್ಕಿತು. ಎರಡು ಸಲ ಓದಿದಳು. ನಡುಗಣ್ಣಿನ ದೃಷ್ಟಿ ಸವೆದಿದೆ, ಹೋದದ್ದು ಬರುವುದಿಲ್ಲ ಎಂದಿತ್ತು. ಚೀಟಿಯನ್ನು ಇದ್ದಲ್ಲೇ ಇಟ್ಟಳು.

ಮನೆಯಲ್ಲಿದ್ದದ್ದು ಅಪ್ಪ ಮಗಳು ಇಬ್ಬರೇ. ಅಪ್ಪನಿಗೆ ಆ ಅಚ್ಚಿನ ಮೇಜು ಬಿಟ್ಟರೆ ಬೇರೆ ಲೋಕವಿರಲಿಲ್ಲ. ಅದರಿಂದ ಅವನನ್ನು ಬಿಡಿಸುವುದೂ ಒಂದೇ, ಉಸಿರು ನಿಲ್ಲಿಸುವುದೂ ಒಂದೇ. ಒಂದು ಸಲ ಓಟದ ಸಂಘದ ಶರ್ಟಿನಲ್ಲಿ ನೀಲಿಗೂ ಹಳದಿಗೂ ನಡುವೆ ಬಿಳಿ ಗೆರೆ ಇಣುಕಿತು. ಇನ್ನಾರೂ ನೋಡುವ ಮುಂಚೆ ಅವಳು ನೋಡಿದಳು. ಆವತ್ತೇ ನಿರ್ಧಾರ ಮಾಡಿದಳು.

ಜರುಗಿದರೆ ಬಟ್ಟೆ ಕಾಣಬಾರದೆಂದು ತಿಳಿ ಬಣ್ಣವನ್ನು ಗಾಢ ಬಣ್ಣದ ಅಡಿಗೆ ತುಸು ಚಾಚುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವುದೇ. ಅರ್ಧ ಪಾಯಿಂಟು, ಎಂದರೆ ಒಂದೆರಡು ಕೂದಲಿನಷ್ಟು, ಸಾಕು. ಅವಳು ಒಂದಕ್ಕೆ ಏರಿಸಿದಳು. ನಾಲ್ಕು ತಿಂಗಳಿಗೆ ಎರಡಾಯಿತು, ಆಮೇಲೆ ಮೂರು. ಅಪ್ಪನ ಕಣ್ಣು ಕುಗ್ಗಿದಷ್ಟೂ ಅವಳ ಗೆರೆ ಊದಿಕೊಂಡಿತು. ಸಣ್ಣ ಎಲೆಗಳು ದಪ್ಪವಾದವು, ಅಕ್ಷರಗಳು ಉಂಡು ಮಲಗಿದವರ ಹಾಗೆ ಕಂಡವು. ಗಿರಾಕಿಗಳಲ್ಲಿ ಒಬ್ಬಿಬ್ಬರು, ಚೆನ್ನಾಗಿ ಎದ್ದು ಕಾಣುತ್ತದೆ ಎಂದು ಹೊಗಳಿಯೂ ಹೋದರು.

ಪ್ರತಿ ಕೆಲಸದ ಮೊದಲ ಶರ್ಟು ಬಂದಾಗ ಅಪ್ಪ ಮಗಳನ್ನು ಕೇಳುತ್ತಿದ್ದ, ಕೂತಿದೆಯಾ ಎಂದು. ಕೂತಿದೆ ಅನ್ನುತ್ತಿದ್ದಳು. ಅದು ಸುಳ್ಳೂ ಆಗಿರಲಿಲ್ಲ. ಒಂದು ದಿನ ಊಟ ಮಾಡುತ್ತಾ ಅಪ್ಪ ತಾನಾಗಿಯೇ ಬಾಯಿಬಿಟ್ಟ. "ಡಾಕ್ಟ್ರು ಏನೇನೋ ಹೇಳ್ತಾರೆ ಕಣೇ. ಕಣ್ಣು ಹೋದ್ರೆ ಹೋಗ್ಲಿ, ನನ್ನ ಕೈಗೆ ಕಣ್ಣಿದೆ. ಇಷ್ಟು ದಿನದಲ್ಲಿ ಒಂದಾದ್ರೂ ಶರ್ಟು ವಾಪಸ್ ಬಂತಾ?"

"ಇಲ್ಲಪ್ಪ," ಅಂದಳು. ಅಪ್ಪನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದಳು.

ಹಾಗಿರುವಾಗ ಹಕ್ಕಿ ನೋಡುವವರ ಸಂಘದ ಕಾರ್ಯದರ್ಶಿ ಬಂದರು. ತಲೆಯೆಲ್ಲ ಬೆಳ್ಳಗಾದ ಹೆಂಗಸು. ಇನ್ನೂರು ಬಿಳಿ ಶರ್ಟು, ಎದೆಯ ಮೇಲೆ ಒಂದು ಕಂದು ಹಕ್ಕಿ. ಚಿತ್ರವನ್ನು ಆಕೆಯೇ ಬರೆದಿದ್ದರು. ಒಂದು ಗೆರೆಯನ್ನೂ ಮುಟ್ಟಬೇಡ ಮಗು ಎಂದು ಅವಳ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಹೇಳಿಹೋದರು. ಹಕ್ಕಿಯ ಕಪ್ಪು ಕಣ್ಣಿಗೂ ಕಂದು ತಲೆಗೂ ನಡುವೆ ಒಂದು ಸಣ್ಣ ಬಿಳಿ ಉಂಗುರವಿತ್ತು. ಅದಕ್ಕೆ ಬಣ್ಣವಿಲ್ಲ, ಬಟ್ಟೆಯನ್ನೇ ಖಾಲಿ ಬಿಟ್ಟ ಜಾಗ.

ಆ ಉಂಗುರವನ್ನು ಅವಳು ದೊಡ್ಡದು ಮಾಡಿ ತುಂಬ ಹೊತ್ತು ನೋಡಿದಳು. ಹಾಗೇ ಬಿಟ್ಟರೆ ಅಪ್ಪನ ಕೈಯಲ್ಲಿ ಅದು ಒಂದು ಕಡೆ ಸರಿಯುತ್ತದೆ, ಕುರುಡನಿಗೂ ಕಾಣುತ್ತದೆ. ಮುಚ್ಚಿಬಿಟ್ಟರೆ ಯಾರಿಗೂ ಕಾಣದು. ಹಕ್ಕಿಯ ಕಣ್ಣನ್ನು ಅಷ್ಟು ಹತ್ತಿರ ಹೋಗಿ ಯಾರು ನೋಡುತ್ತಾರೆ ಅಂದುಕೊಂಡಳು. ಹೊತ್ತು ಹುಟ್ಟಿದರೆ ಎಲ್ಲವನ್ನೂ ಹತ್ತಿರದಿಂದ ನೋಡುವವಳೇ ಹಾಗೆ ಅಂದುಕೊಂಡಳು. ಕಂದು ಬಣ್ಣವನ್ನು ಕಪ್ಪಿನ ಅಡಿಗೆ ಮೂರು ಪಾಯಿಂಟು ಚಾಚಿದಳು.

ಶರ್ಟು ತೆಗೆದುಕೊಳ್ಳಲು ಬಂದ ಕಾರ್ಯದರ್ಶಿ ಒಂದು ಕಟ್ಟು ಬಿಚ್ಚಿದವರು ಅಲ್ಲೇ ಕೂತುಬಿಟ್ಟರು. ರೇಗಲಿಲ್ಲ. ಉಂಗುರವಿಲ್ಲದ ಹಕ್ಕಿ ಪ್ರತಿ ಮನೆಯ ಸೂರಿನ ಮೇಲೂ ಸಿಗುತ್ತದೆ, ಉಂಗುರವಿರುವುದು ಒಂದೇ ಒಂದು ಕೆರೆಯ ದಡದಲ್ಲಿ ನಲವತ್ತೋ ಐವತ್ತೋ ಉಳಿದಿವೆ, ಅದಕ್ಕಾಗಿಯೇ ತಮ್ಮ ಸಂಘ ಎಂದು ಅಂಗಡಿಯ ಮಾಲೀಕರಿಗೆ ಮೆಲ್ಲಗೆ ವಿವರಿಸಿದರು. "ಇದು ನಮ್ಮ ಹಕ್ಕಿ ಅಲ್ಲ" ಅಂದು ಎದ್ದರು.

ಮಾಲೀಕರು ಕೆಟ್ಟವರಲ್ಲ, ಆದರೆ ದಡ್ಡರೂ ಅಲ್ಲ. ಗಿರಾಕಿ ಕೊಟ್ಟ ಚಿತ್ರವನ್ನೂ ಅವಳು ತೆಗೆದ ಫಿಲ್ಮನ್ನೂ ದೀಪದ ಗಾಜಿನ ಮೇಲೆ ಒಂದರ ಮೇಲೊಂದು ಇಟ್ಟರು. ಆಮೇಲೆ ಕಪಾಟಿನಿಂದ ಹಳೆಯ ಫಿಲ್ಮುಗಳನ್ನೂ ಎಳೆದರು. ಎಲ್ಲವೂ ಊದಿಕೊಂಡಿದ್ದವು.

"ಯಾಕಮ್ಮ ಹಿಂಗ್ ಮಾಡ್ದೆ?"

ಅವಳು ಶಾಲೆಯಲ್ಲಿ ನಿಂತ ಹಾಗೆ ನಿಂತಳು. ಉತ್ತರ ಗೊತ್ತಿತ್ತು. ಹೇಳಿದರೆ ಅಪ್ಪನ ಕಥೆ ಅಲ್ಲಿಗೆ ಮುಗಿಯಿತು. ನೆಲ ನೋಡಿದಳು.

ಅಪ್ಪನೇ ಮುಂದೆ ಬಂದ. "ಬೇರೆಯವರು ಬರೆದ ಗೆರೆ ಮುಟ್ಟೋಕೆ ನೀನ್ಯಾರೇ? ಇದನ್ನೇನಾ ನಾನು ಕಲಿಸಿದ್ದು?" ಅಂದ. ಎಲ್ಲರೆದುರು ಮಗಳನ್ನು ಅವನು ಬೈದದ್ದು ಅದೇ ಮೊದಲು. ಮಾಲೀಕರ ಕಡೆ ತಿರುಗಿ, ಅಂದರೆ ಅವರ ಪಕ್ಕದ ಬಾಗಿಲಿನ ಕಡೆ ತಿರುಗಿ, ಮಾತು ಕೊಟ್ಟ. "ಇದ್ದದ್ದು ಇದ್ದ ಹಾಗೆ ಫಿಲ್ಮ್ ತೆಗೆಸಿ ಸಾರ್. ಇನ್ನೂರೂ ನಾನೇ ಹಾಕ್ಕೊಡ್ತೀನಿ. ಕೂದಲೆಳೆ ಆಚೀಚೆ ಆದ್ರೆ ಈ ಮೇಜು ಮುಟ್ಟಲ್ಲ."

ಮನೆಗೆ ನಡೆದು ಹೋಗುವಾಗ, ನಾಳೆ ಬೇರೆ ಯಾರಾದರೂ ಹಾಕಲಿ ಅಪ್ಪ ಎಂದು ಹೇಗೋ ಅಂದಳು. ಯಾಕೆ ಎಂದು ಕೇಳಿದ. ಅವಳು ಹೆಜ್ಜೆ ಚುರುಕು ಮಾಡಿದಳು. ನೀನು ಹಾಳು ಮಾಡಿದ್ದನ್ನು ನಾನಲ್ಲದೆ ಇನ್ಯಾರು ಸರಿ ಮಾಡಬೇಕು ಅಂದ ಅಪ್ಪ. ದನಿ ಆಗಲೇ ಮೆತ್ತಗಾಗಿತ್ತು.

ಮರುದಿನ ಬೆಳಿಗ್ಗೆ ಅವಳು ಗೆರೆ ಇದ್ದ ಹಾಗೇ ಫಿಲ್ಮು ತೆಗೆದಳು. ತನ್ನ ಕೈಯಾರೆ. ಸ್ಕ್ರೀನುಗಳು ಸಿದ್ಧವಾದ ಮೇಲೆ ಅಪ್ಪ ಒಂದು ಗಂಟೆ ಜೋಡಿಸಿದ. ತಿರುಪುಗಳನ್ನು ಬೆರಳಲ್ಲೇ ತಡವಿ ಬಿಗಿದ, ಕತ್ತು ಓರೆ ಮಾಡಿದ, ಮತ್ತೆ ಸಡಿಲಿಸಿ ಬಿಗಿದ. ಒಲೆ ಚಿಕ್ಕಮ್ಮ ಯಂತ್ರ ಬಿಟ್ಟು ಬಂದು ನಿಂತಳು. ಮಾಲೀಕರು ಮೇಜಿನ ತಲೆಯ ಕಡೆ ನಿಂತರು. ಕಂದು ಬಣ್ಣ ಎಳೆದ, ಕಾಲಿನ ಬೂದು, ಕೊಕ್ಕಿನ ಹಳದಿ, ಕೊನೆಗೆ ಕಪ್ಪು. ಎಳೆಯುವ ಕೈ ಇವತ್ತಿಗೂ ಒಂದಿಷ್ಟೂ ನಡುಗುತ್ತಿರಲಿಲ್ಲ. ಸ್ಕ್ರೀನು ಎತ್ತಿದ.

"ಕೂತಿದೆಯಾ?"

ಉಂಗುರ ಒಂದು ಬದಿಗೆ ಕತ್ತರಿಸಿ ಬಿಸಾಡಿದ ಉಗುರಿನಷ್ಟು ಅಗಲವಾಗಿತ್ತು. ಇನ್ನೊಂದು ಬದಿಯಲ್ಲಿ ಕಪ್ಪು ಕಣ್ಣು ಕಂದು ತಲೆಯೊಳಗೆ ನುಗ್ಗಿತ್ತು. ಮಾಲೀಕರು ನೋಡಿ ಮುಖ ಬೇರೆಡೆ ತಿರುಗಿಸಿದರು. ಎಲ್ಲದಕ್ಕೂ ಒಂದು ಕುಚೋದ್ಯ ಇಟ್ಟುಕೊಂಡಿರುತ್ತಿದ್ದ ಚಿಕ್ಕಮ್ಮ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡಳು.

"ನೀನಾದ್ರೂ ಹೇಳೇ. ಕೂತಿದೆಯಾ?"

ಅವಳ ಬಾಯಿ ತೆರೆಯಲಿಲ್ಲ. ಅಪ್ಪ ಬಾಗಿ ಹಸಿ ಬಣ್ಣದ ಮೇಲೆ ಬೆರಳಿಟ್ಟ. ಹಸಿ ಅಚ್ಚನ್ನು ಯಾರಾದರೂ ಮುಟ್ಟಿದರೆ ಉರಿದು ಬೀಳುತ್ತಿದ್ದವನು ಈಗ ತಾನೇ ಉಂಗುರವನ್ನು ತಡವಿ ಹುಡುಕಿದ. ಬೆರಳಿಗೆ ಕಪ್ಪೂ ಕಂದೂ ಹತ್ತಿತು, ಹಕ್ಕಿಯ ತಲೆ ಅಳಿಸಿಹೋಯಿತು. ಬೆರಳನ್ನು ಕಣ್ಣಿನ ಪಕ್ಕಕ್ಕೆ, ಕಿವಿಯ ಹತ್ತಿರ ಹಿಡಿದು ನೋಡಿದ.

"ಎಷ್ಟು ದಿನದಿಂದ?"

"ಒಂದೂವರೆ ವರ್ಷ."

"ಅಷ್ಟೂ ದಿನ ನೀನೇ..."

"ಹೂಂ ಅಪ್ಪ."

ಅವನು ಏಪ್ರನ್ ಬಿಚ್ಚಿ ಗೋಡೆಯ ಮೊಳೆಗೆ ಹಾಕಲು ಹೋದ. ಅದು ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಂಡವನು ಮತ್ತೆ ಮೊಳೆ ಹುಡುಕದೆ ಕೈಯಲ್ಲೇ ಹಿಡಿದುಕೊಂಡು ಹೊರಗೆ ಹೋದ.

ವಾರದೊಳಗೆ ಬೇರೊಬ್ಬ ಕೆಲಸಗಾರ ಬಂದ. ಚುರುಕು ಕೈ. ಹಕ್ಕಿಯ ಉಂಗುರ ಮೊದಲನೇ ಶರ್ಟಿಗೇ ಕೂತಿತು. ಮಾಲೀಕರು ಅವಳನ್ನು ಕೆಲಸದಿಂದ ಬಿಡಿಸಲಿಲ್ಲ, ಅರ್ಧ ಪಾಯಿಂಟಿಗಿಂತ ಹೆಚ್ಚು ಚಾಚಬೇಡ ಎಂದಷ್ಟೇ ಹೇಳಿದರು. ಅವಳು ಹಾಗೇ ಮಾಡುತ್ತಾಳೆ. ಕೆಲವೊಮ್ಮೆ ಕೈ ತಾನಾಗಿ ಮೂರು ಒತ್ತುತ್ತದೆ, ಅಳಿಸುತ್ತಾಳೆ.

ಅಪ್ಪ ಮನೆಯಲ್ಲಿ ಕಿಟಕಿಯ ಹತ್ತಿರ ಕೂತಿರುತ್ತಾನೆ. ಏಪ್ರನ್ ತೊಡೆಯ ಮೇಲೆ ಮಡಚಿದ ಹಾಗೇ ಇರುತ್ತದೆ. ಇಟ್ಟುಹೋದ ಅನ್ನ ಎಷ್ಟೋ ದಿನ ಮುಟ್ಟಿರುವುದಿಲ್ಲ. ಅವಳು ಕೆಲಸ ಮುಗಿಸಿ ಬಾಗಿಲು ತೆಗೆದು ಎದುರಿಗೆ ನಿಂತರೆ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಾನೆ. ಮಗಳನ್ನು ನೋಡುವುದಕ್ಕೆ ತಿರುಗುತ್ತಾನೋ, ನೋಡಬಾರದೆಂದು ತಿರುಗುತ್ತಾನೋ ಅವಳಿಗೆ ಗೊತ್ತಾಗುವುದಿಲ್ಲ. ಕೇಳಲು ಅವಳಿಗೆ ಬಾಯಿ ಬರುವುದಿಲ್ಲ.