ಕ್ಯಾಪ್ಟನ್ನಿನ ಕೋಳಿಗಳು

ಸಿನಿಮಾ ಬಿಡುಗಡೆಯಾಗಿ ಮೂರು ದಿನ ಕಳೆಯುವಷ್ಟರಲ್ಲಿ ಊರು ಒಮ್ಮತಕ್ಕೆ ಬಂದಿತ್ತು: ಕಾದಂಬರಿಯನ್ನು ಹಾಳುಗೆಡವಿದ್ದಾರೆ. ಹಡಗು ಚೆನ್ನಾಗಿದೆ, ಬಿರುಗಾಳಿ ಪರವಾಗಿಲ್ಲ, ಕ್ಯಾಪ್ಟನ್ನಿನ ಗಡ್ಡ ಅಂಟಿಸಿದ್ದೆಂದು ಗೊತ್ತಾಗುತ್ತದೆ, ಹೋಗಲಿ, ಅದನ್ನೂ ಕ್ಷಮಿಸೋಣ. ಆದರೆ ಕೋಳಿಗಳೆಲ್ಲಿ?

ಗ್ರಂಥಾಲಯದ ಬಾಗಿಲಲ್ಲಿಟ್ಟಿದ್ದ ‘ಪ್ರೇಕ್ಷಕರ ಅಭಿಪ್ರಾಯ’ ಪುಸ್ತಕದ ತುಂಬ ಇದೇ ಕೂಗು. “ಹನ್ನೊಂದನೆಯ ಅಧ್ಯಾಯ ಬಿಟ್ಟವನಿಗೆ ಕರುಳೇ ಇಲ್ಲ” ಎಂದು ಹಲ್ಲಿನ ಡಾಕ್ಟರು ಬರೆದಿದ್ದರು. “ಕತ್ತಿವರಸೆ ಯಾರು ಬೇಕಾದರೂ ತೋರಿಸುತ್ತಾರೆ, ಕಾವಿಗೆ ಕೂತ ಕೋಳಿ ತೋರಿಸಲಿ ನೋಡೋಣ” ಎಂದು ಟೈಲರಮ್ಮ ಸವಾಲು ಹಾಕಿದ್ದರು. ಗ್ರಂಥಾಲಯ ಸಮಿತಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮೇಷ್ಟ್ರು ಮೂರು ಪುಟ ಬರೆದು, ಸಿಟ್ಟು ಸಾಲದೆ ನಾಲ್ಕನೆಯದರಲ್ಲಿ ಅಡ್ಡಡ್ಡ ಗೀಚಿದ್ದರು. ಅವರ ಕೆಳಗೆ ಯಾರೋ ಪ್ರಾಮಾಣಿಕರು: “ಪುಸ್ತಕ ಓದಿಲ್ಲ. ಆದರೂ ಪುಸ್ತಕವೇ ಚೆನ್ನಾಗಿದೆ.”

ಇದನ್ನೆಲ್ಲ ದಿನವೂ ಓದಿ, ಪೆನ್ನಿನ ಶಾಯಿ ಮುಗಿದಿದೆಯೇ ಎಂದು ನೋಡಿ, ತುಟಿ ಬಿಚ್ಚದೆ ಕುರ್ಚಿಗೆ ಮರಳುತ್ತಿದ್ದವಳು ಗ್ರಂಥಾಲಯದ ಹುಡುಗಿ. ಪದವಿ ಮುಗಿಸಿ ಎರಡು ವರ್ಷದಿಂದ ಅಲ್ಲಿದ್ದಳು. ಊರಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡರ ಒಬ್ಬಳೇ ಮಗಳು. ಗೋಡೆಯ ಮೇಲೆ ‘ಮಾತನಾಡಬಾರದು’ ಎಂಬ ಬೋರ್ಡು ನೇತುಹಾಕಿದ್ದು ದಂಡ, ಅವಳನ್ನು ಕೂರಿಸಿದರೆ ಸಾಕಿತ್ತು ಎಂದು ಓದುಗರು ತಮಾಷೆ ಮಾಡುತ್ತಿದ್ದರು.

ಆ ಕಾದಂಬರಿ ಅಚ್ಚಾಗುವುದು ನಿಂತು ಎಷ್ಟೋ ಕಾಲವಾಗಿತ್ತು. ಊರಿಗೆಲ್ಲ ಇದ್ದದ್ದು ಗ್ರಂಥಾಲಯದ ಒಂದೇ ಪ್ರತಿ. ಓದಿದವರೆಲ್ಲ ಅದನ್ನೇ ಓದಿದ್ದರು. ಹನ್ನೊಂದನೆಯ ಅಧ್ಯಾಯದಲ್ಲಿ, ಹಡಗೊಡೆದು ದ್ವೀಪ ಸೇರಿದ ಕ್ಯಾಪ್ಟನ್ ಹಸಿದು ಅಲೆಯುತ್ತ ಪೊದೆಯಲ್ಲಿ ಒಂದು ಗೂಡು ಕಾಣುತ್ತಾನೆ. ಪುಟ ತಿರುವಿದರೆ: “ಮೊಟ್ಟೆಗಳನ್ನು ದಿನಕ್ಕೆರಡು ಬಾರಿ ಮೃದುವಾಗಿ ಹೊರಳಿಸಬೇಕು. ಕಾವಿನ ಕೋಳಿಗೆ ಗದ್ದಲ ಆಗದು.” ಹೀಗೆ ಹದಿನಾರು ಪುಟ. ಮರುಕ್ಷಣವೇ ದ್ವೀಪಕ್ಕೆ ಬೆಂಕಿ, ಕಡಲ್ಗಳ್ಳರ ದಾಳಿ. ಈ ಹದಿನಾರು ಪುಟಗಳಿಗೆ ಹೆಡ್‌ಮೇಷ್ಟ್ರು ‘ಸಾಹಸದ ನಡುವಿನ ಮೌನ’ ಎಂದು ಹೆಸರಿಟ್ಟು ಇಪ್ಪತ್ತು ವರ್ಷ ಉಪನ್ಯಾಸ ಕೊಟ್ಟಿದ್ದರು. ಮಕ್ಕಳು ಕಿರುಚಾಡಿದರೆ “ಕಾವಿನ ಕೋಳಿಗೆ ಗದ್ದಲ ಆಗದು” ಎಂದು ಗದರುವುದು ಮನೆಮನೆಯ ಮಾತಾಗಿತ್ತು.

ಬುಧವಾರ ಕೋಳಿ ಫಾರಂ ನಡೆಸುವವನೊಬ್ಬ ಬಂದು, ಗ್ರಂಥಾಲಯದಿಂದ ಒಯ್ದಿದ್ದ ‘ಕೋಳಿ ಸಾಕಣೆ: ಕೈಪಿಡಿ’ಯನ್ನು ಮೇಜಿನ ಮೇಲಿಟ್ಟ.

“ಅಲ್ಲಮ್ಮ, ಇದ್ರಲ್ಲಿ ಕಾವಿಗೆ ಕೂರ್ಸೋದು ಹೇಗೆ ಅಂತ ನೋಡೋಣ ಅಂದ್ರೆ ಯಾರೋ ಕತ್ತಿ ಹಿಡ್ಕೊಂಡು ಬಂಡೆ ಹತ್ತುತಾನೆ. ಆಮೇಲೆ ಸೀದಾ ಮೇವಿನ ವಿಷ್ಯ. ಅವನು ಇಳಿದ್ನಾ ಇಲ್ವಾ?”

ಅವನು ಹೋದ ಮೇಲೆ ಅವಳು ಕೈಪಿಡಿ, ಕಾದಂಬರಿ ಎರಡನ್ನೂ ಪಕ್ಕಪಕ್ಕ ಬಿಡಿಸಿದಳು. ಒಂದೇ ಅಳತೆ, ಒಂದೇ ಕಾಗದ, ಒಂದೇ ಮುದ್ರಣಾಲಯ. ಹೊಲಿಯುವಾಗ ಒಂದು ಫಾರಂ, ಅಂದರೆ ಒಟ್ಟಿಗೆ ಮಡಚಿದ ಹದಿನಾರು ಪುಟದ ಕಟ್ಟು, ಅದಲುಬದಲಾಗಿತ್ತು. ಅಂಚು ಕತ್ತರಿಸುವಾಗ ಪುಟಸಂಖ್ಯೆಗಳೂ ಹೋಗಿದ್ದರಿಂದ ಸುಳಿವೇ ಉಳಿದಿರಲಿಲ್ಲ. ಎರಡರ ರಟ್ಟಿನೊಳಗೂ ಒಂದೇ ದಿನದ ಮೊಹರು, ಅಪ್ಪನ ಮೊಹರು.

ಗ್ರಂಥಾಲಯದ ಬೈಂಡಿಂಗ್ ಕೆಲಸ ಅಪ್ಪನಿಗೇ ಕೊಡಬೇಕೋ ಬೇಡವೋ ಎಂದು ಸಮಿತಿ ಮುಂದಿನ ವಾರ ತೀರ್ಮಾನಿಸುವುದಿತ್ತು. ಕೆಲಸ ಹೋದರೆ ಹೋಗಲಿ, ಅಪ್ಪನಿಗೆ ಇದ್ದದ್ದು ಒಂದೇ ಜಂಬ: ತಾನು ಹೊಲಿದ ಪುಸ್ತಕದಲ್ಲಿ ಒಂದು ಎಳೆ ಅತ್ತಿತ್ತ ಆಗುವುದಿಲ್ಲ. ಊರು ನಗುವುದನ್ನು ಅವರು ತಡೆದುಕೊಳ್ಳುವುದುಂಟೇ? ಕೈಪಿಡಿಯನ್ನು ಮೇಜಿನ ಕೆಳಖಾನೆಗೆ ತಳ್ಳಿದಳು. ಸುಮ್ಮನಿರುವುದು ಅವಳಿಗೆ ಕರಗತವಾದ ವಿದ್ಯೆ.

ಭಾನುವಾರ ಸಿನಿಮಾದ ನಿರ್ದೇಶಕನೇ ಗ್ರಂಥಾಲಯಕ್ಕೆ ಬರುವುದೆಂದಾಯಿತು. ಚಿತ್ರಮಂದಿರ ಖಾಲಿ ಹೊಡೆಯುತ್ತಿತ್ತು, ಪ್ರೇಕ್ಷಕರ ಕೋಪ ತಣಿಸಬೇಕಿತ್ತು. ನೀವು ಬರಬೇಡಿ ಎಂದು ಅವಳು ಅಪ್ಪನಿಗೆ ಎರಡು ಸಲ ಹೇಳಿದಳು.

“ನಾನು ಹೊಲಿದ ಪುಸ್ತಕದ ಮೇಲೆ ಸಭೆ, ನಾನೇ ಬರಬಾರ್ದಾ?” ಎಂದರು ಅಪ್ಪ, ಇಸ್ತ್ರಿ ಅಂಗಿ ಹುಡುಕುತ್ತ.

“ನೀವು ಅದನ್ನ ಓದೇ ಇಲ್ಲವಲ್ಲಪ್ಪ.”

“ಓದ್ತಾ ಕೂತ್ರೆ ಹೊಲಿಯೋದು ಯಾವಾಗ?”

ನಾಲ್ಕು ಗಂಟೆಗೆ ಓದುವ ಕೋಣೆ ತುಂಬಿತು. ಕಪ್ಪು ಕನ್ನಡಕದ ನಿರ್ದೇಶಕ ನಡುವೆ ಕೂತಿದ್ದ. ಟೈಲರಮ್ಮ ಪೀಠಿಕೆಯಿಲ್ಲದೆ ಶುರುಮಾಡಿದರು: “ಏನಪ್ಪಾ, ಕೋಳಿಗೂ ಕಾಲ್‌ಶೀಟ್ ಸಿಗ್ಲಿಲ್ವಾ?”

“ಯಾವ ಕೋಳಿ?” ಎಂದ ನಿರ್ದೇಶಕ.

ಕೋಣೆ ಕುದಿಯಿತು. “ಯಾವ ಕೋಳಿ ಅಂತಾನೆ! ಕೇಳಿದ್ರಾ?” ಎಂದು ಹಲ್ಲಿನ ಡಾಕ್ಟರು ಎದ್ದೇಬಿಟ್ಟರು. ಹೆಡ್‌ಮೇಷ್ಟ್ರು ಕೈಯೆತ್ತಿ ತಡೆದು, “ಹನ್ನೊಂದನೇ ಅಧ್ಯಾಯ ಓದಮ್ಮ. ಇವರ ಕಿವಿಗೆ ಬೀಳಲಿ” ಎಂದರು.

ಅವಳು ನಿಂತಳು. ಮೊದಲ ಸಾಲಿಗೆ ದನಿ ಹೊರಡಲಿಲ್ಲ, ಎರಡನೆಯದಕ್ಕೆ ಸೀಳಿತು. ಗೂಡು, ಮೊಟ್ಟೆ, ಕಾವು. ಮುಂದಿನ ಸಾಲಿನವರು ಕಣ್ಣುಮುಚ್ಚಿ ತಲೆದೂಗಿದರು. ನಿರ್ದೇಶಕನ ಕಣ್ಣು ಸಹಾಯಕನತ್ತ ಹೊರಳಿತು, ಸಹಾಯಕನ ಕಣ್ಣು ಸೂರಿನತ್ತ. ಇಬ್ಬರೂ ಕಾದಂಬರಿ ಓದಿಯೇ ಇಲ್ಲ ಎಂದು ಅವಳಿಗೆ ಹೊಳೆಯಿತು.

ನಿರ್ದೇಶಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. “ಈ ಭಾಗ ನಾವು ಶೂಟ್ ಮಾಡಿದ್ವಿ ಸಾರ್. ಮುನ್ನೂರು ಕೋಳಿ, ಹನ್ನೆರಡು ದಿನ. ಉದ್ದ ಆಯ್ತು ಅಂದ್ರು. ಕತ್ತರಿ ಹಾಕುವಾಗ ನನ್ನ ಎದೆಗೇ ಹಾಕ್ದಂಗಾಯ್ತು.”

ಚಪ್ಪಾಳೆ! ಟೈಲರಮ್ಮನ ಕಣ್ಣೂ ತೇವವಾಯಿತು. ಹುಡುಗಿ ಪುಸ್ತಕ ಮುಚ್ಚಿದಳು. ಸುಳ್ಳೊಂದು ತಾನಾಗಿ ಬಂದು ಅಪ್ಪನನ್ನು ಕಾಪಾಡಿತ್ತು.

“ಒಂದ್ನಿಮಿಷ.” ಹಿಂದಿನ ಸಾಲಿನಲ್ಲಿ ಅಪ್ಪ ಎದ್ದಿದ್ದರು. “ಅದು ಕೋಳಿ ಕೈಪಿಡಿಯದ್ದು. ಓದೋದನ್ನ ಇವತ್ತೇ ನಾನು ಕೇಳಿದ್ದು. ಎರಡನ್ನೂ ನಾನೇ ಒಂದೇ ದಿನ ಹೊಲಿದಿದ್ದು. ಫಾರಂ ಅದಲುಬದಲಾಗಿದೆ. ಆವತ್ತೇ ಇವಳು ಹುಟ್ಟಿದ್ದು, ಕೈ ನನ್ನ ಮಾತು ಕೇಳ್ತಿರ್ಲಿಲ್ಲ. ತಪ್ಪು ನಂದು.”

ಹೆಡ್‌ಮೇಷ್ಟ್ರು ಮಗುವಿಗೆ ಹೇಳುವಂತೆ ನಕ್ಕರು. “ಕೂತ್ಕೊಳ್ಳಿ ಬೈಂಡರೇ. ರಟ್ಟಿನ ವಿಷ್ಯ ಬಂದಾಗ ನಿಮ್ಮನ್ನ ಕೇಳ್ತೀವಿ. ಇದು ಸಾಹಿತ್ಯ.”

“ನಾನು ಶೂಟ್ ಮಾಡಿದೀನಿ ಅಂತಿದೀನಲ್ರೀ!” ಎಂದ ನಿರ್ದೇಶಕ. ಕೋಣೆಯೆಲ್ಲ ನಕ್ಕಿತು.

ಅಪ್ಪ ಕೂರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ಹಿಡಿದು ನಿಂತೇ ಇದ್ದರು. ನಗುವುದಾದರೆ ಅವರ ತಪ್ಪಿಗೆ ನಗಬಹುದಿತ್ತು. ಇವರು ನಗುತ್ತಿದ್ದುದು ಅವರ ನಿಜಕ್ಕೆ. ಅವಳು ಕೆಳಖಾನೆ ಎಳೆದು ಕೈಪಿಡಿಯನ್ನು ಹೊರತೆಗೆದು, ಹೆಡ್‌ಮೇಷ್ಟ್ರ ಮುಂದೆ ತೆರೆದಿಟ್ಟಳು.

“ಅಪ್ಪ ಹೇಳಿದ್ದು ನಿಜ ಸಾರ್. ನಿಮ್ಮ ಹನ್ನೊಂದನೇ ಅಧ್ಯಾಯ ಇಲ್ಲಿದೆ. ಜೋರಾಗಿ ಓದಿ.” ತನ್ನ ದನಿ ಅಷ್ಟು ದೂರ ಹೋಗಬಲ್ಲದೆಂದು ಅವಳಿಗೇ ತಿಳಿದಿರಲಿಲ್ಲ.

ಹೆಡ್‌ಮೇಷ್ಟ್ರು ಓದಿದರು, ಆದರೆ ಮನಸ್ಸಿನಲ್ಲೇ. ಬಂಡೆ, ಕತ್ತಿ, ಕ್ಯಾಪ್ಟನ್. ಅವರ ಕಿವಿಗಳು ಕೆಂಪಾದವು. ಹಲ್ಲಿನ ಡಾಕ್ಟರು ಬಗ್ಗಿ ನೋಡಿ ಸದ್ದಿಲ್ಲದೆ ಕೂತರು. ಟೈಲರಮ್ಮ ನಿರ್ದೇಶಕನತ್ತ ತಿರುಗಿ, “ಮುನ್ನೂರಾ?” ಎಂದರು. ಅವನಿಗೆ ತಕ್ಷಣ ಯಾವುದೋ ಫೋನು ಬಂತು.

“ಮುಂದಿನ ವರ್ಷದ ಬೈಂಡಿಂಗ್ ಬಗ್ಗೆ ಸಮಿತಿ ಬೇರೆ ವ್ಯವಸ್ಥೆ ಮಾಡುತ್ತೆ,” ಎಂದು ಹೆಡ್‌ಮೇಷ್ಟ್ರು ಕೈಪಿಡಿ ಮುಚ್ಚಿದರು. ಇಪ್ಪತ್ತು ವರ್ಷದ ಉಪನ್ಯಾಸಕ್ಕೆ ಅಷ್ಟಾದರೂ ಸೇಡು ಬೇಡವೇ?

ಅಪ್ಪ ಮಗಳು ಎರಡೂ ಪುಸ್ತಕ ಹಿಡಿದು ಅಂಗಡಿಯತ್ತ ನಡೆದರು. ಸರಿಮಾಡಿಯೇ ಕೊಡುತ್ತೇನೆಂದು ಅಪ್ಪ ಹಟ ಹಿಡಿದಿದ್ದರು. ಅವರ ಹೆಜ್ಜೆ ಬರುವಾಗಿನದಕ್ಕಿಂತ ಹಗುರಾಗಿತ್ತು.

“ಕೆಲಸ ಹೋಯ್ತಲ್ಲ ಪುಟ್ಟಿ.”

“ಹೋಯ್ತಪ್ಪ.”

“ಹೋಗ್ಲಿ ಬಿಡು. ನಿನಗೆ ಮೊದ್ಲೇ ಗೊತ್ತಿತ್ತಾ?”

“ಬುಧವಾರದಿಂದ.”

ಅಪ್ಪ ಪುಸ್ತಕಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿ, “ಆ ನಿಜವಾದ ಹದಿನಾರು ಪುಟ ಓದಿದ್ಯಲ್ಲ, ಹೇಗಿದೆ?” ಎಂದರು.

ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ಸುಮಾರಾಗಿದೆಯಪ್ಪ. ಬಂಡೆ ಹತ್ತುತಾನೆ, ಇಳೀತಾನೆ. ಕೋಳಿದೇ ಚೆನ್ನಾಗಿತ್ತು.”