ಐದು ನಿಮಿಷಕ್ಕೊಂದು ಹಾಜರಿ

ನೆವಿಲ್ ಪ್ಯಾಸ್ಕೊ ಯಾವ ಬಾಗಿಲನ್ನೂ ಒಂದೇ ಸಲಕ್ಕೆ ಮುಚ್ಚಿದವನಲ್ಲ. ಎಳೆದು, ಚಿಲಕ ಹಾಕಿ, ಹತ್ತು ಹೆಜ್ಜೆ ನಡೆದು, ಹನ್ನೊಂದನೆಯ ಹೆಜ್ಜೆಗೆ ಸರಿಯಾಗಿ ನಿಂತು, ಯಾರೋ ಹಿಂದಿನಿಂದ ಕರೆದರೆಂಬಂತೆ ತಿರುಗಿ, ಮತ್ತೆ ಹೋಗಿ ಚಿಲಕವನ್ನು ಅಲ್ಲಾಡಿಸಿ ನೋಡಿದ ಮೇಲೆಯೇ ಆತನ ಪ್ರಯಾಣ ಆರಂಭವಾಗುತ್ತಿತ್ತು. ಕಡಲತಡಿಯ ನಮ್ಮ ವಿನ್‌ಯಾರ್ಡ್ ಊರಿನ ರೇಡಿಯೋ ಸಂಘದವರು ಆತನ ಜೊತೆ ಎಲ್ಲಿಗೆ ಹೊರಟರೂ ಆ ಹನ್ನೊಂದು ಹೆಜ್ಜೆಗಳಿಗೆ ಬೇಕಾದ ಹೊತ್ತನ್ನು ಮೊದಲೇ ಕೂಡಿಸಿಕೊಂಡು ಹೊರಡುತ್ತಿದ್ದೆವು.

ಮೇಣ ಬಳಿದ ಕಂದು ಬಟ್ಟೆಯ ಉದ್ದನೆಯ ಕೋಟೊಂದು ಬೇಸಿಗೆ ಚಳಿಗಾಲಗಳ ಭೇದವಿಲ್ಲದೆ ಆತನ ಮೈಮೇಲಿರುತ್ತಿತ್ತು. ಅದರ ಎಡಜೇಬಿನಲ್ಲಿ ವಿದ್ಯುತ್ತನ್ನು ಅಳೆಯುವ ಮೀಟರು, ಬಲಜೇಬಿನಲ್ಲಿ ಭೂತಗನ್ನಡಿ. ಅಂಗಡಿಯಲ್ಲಿ ಬ್ಯಾಟರಿ ಕೊಂಡರೆ ಅಂಗಡಿಯವನ ಎದುರೇ ಮೀಟರು ಹಿಡಿಯುವುದು, ಮನೆಗೆ ಕರೆದು ಚಿಪ್ಪುಮೀನಿನ ಪೈ ಕೊಟ್ಟರೆ ಮೇಲಿನ ಪದರವನ್ನು ಎತ್ತಿ ಒಳಗೆ ಇಣುಕುವುದು, ಮಳೆ ಬರುತ್ತಿದೆ ಎಂದು ಯಾರಾದರೂ ಹೇಳಿದರೆ ಕಿಟಕಿಯಿಂದ ಕೈ ಚಾಚುವುದು, ಇವೆಲ್ಲ ಆತನಿಗೆ ಸಹಜಧರ್ಮ. ಯಾವ ಸುದ್ದಿ ಕೊಟ್ಟರೂ ಒಂದೇ ಪ್ರಶ್ನೆ: "ಕಣ್ಣಾರೆ ನೋಡಿದ್ಯೇನಯ್ಯಾ?" ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕೇಳದೆಯೇ ಅದರಂತೆ ಬದುಕಿದ ಏಕೈಕ ಮನುಷ್ಯ ಈತನೇ ಇರಬೇಕು.

ಇಂಥವನ ಕೈಯಲ್ಲಿ ನಾವು ನಮ್ಮ ಸುರಂಗದ ಬಾಯಿಯನ್ನು ಒಪ್ಪಿಸಿದ್ದೆವು. ನಮ್ಮದು ಮಾತಿನ ರೇಡಿಯೋ ಅಲ್ಲ, ಅಕ್ಷರಗಳನ್ನು ಪುಟ್ಟ ಪುಟ್ಟ ಪೊಟ್ಟಣಗಳಾಗಿ ಕಟ್ಟಿ ಗುಡ್ಡದಿಂದ ಗುಡ್ಡಕ್ಕೆ ಎಸೆಯುವ ಪ್ಯಾಕೆಟ್ ರೇಡಿಯೋ. ಆ ಎಸೆತ ಟೇಬಲ್ ಕೇಪ್ ಭೂಶಿರ ದಾಟಿ ಕಡಲಿಗೆ ಬಂದರೆ ಸುಸ್ತಾಗಿ ಬೀಳುತ್ತದೆ. ಆದ್ದರಿಂದ ಆ ಪೊಟ್ಟಣವನ್ನು ಇಂಟರ್ನೆಟ್ಟಿನ ಲಕೋಟೆಯೊಳಗಿಟ್ಟು ಆಚೆ ದಡಕ್ಕೆ ಕಳಿಸುತ್ತೇವೆ. ಅಲ್ಲಿಯ ಕಾವಲುಗಾರನ ಯಂತ್ರ ಲಕೋಟೆ ಒಡೆದು ಒಳಗಿನದನ್ನು ತೆಗೆದುಕೊಳ್ಳುತ್ತದೆ. ಇದಕ್ಕೆ ಸುರಂಗವೆಂದು ಹೆಸರು. ಊರೂರಿನಲ್ಲಿ ಇಂಥ ಒಂದೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ನಮ್ಮ ಗೇಟು ನೆವಿಲ್‌ನ ಹಿತ್ತಲ ಷೆಡ್ಡಿನಲ್ಲಿತ್ತು. ಬೇರೆ ಯಾವ ಕಾವಲುಗಾರನನ್ನೂ ನಂಬದ ಆತ ಒಂದು ಏರ್ಪಾಡು ಮಾಡಿಕೊಂಡಿದ್ದ: ಐದು ನಿಮಿಷಕ್ಕೊಮ್ಮೆ ಆತನ ಯಂತ್ರ ತಾನಾಗಿ ಪ್ರತಿಯೊಂದು ಗೇಟಿಗೂ ಒಂದು ಕೂಗು ಹಾಕಬೇಕು, ಆ ಗೇಟು ಓಗೊಡಬೇಕು, ಓಗೊಟ್ಟದ್ದು ಕಾಗದದ ಮೇಲೆ ಅಚ್ಚಾಗಬೇಕು. ಆತ ಅದನ್ನು ಹಾಜರಿ ಎನ್ನುತ್ತಿದ್ದ. ನಾವು ಅದನ್ನು ರೋಗ ಎನ್ನುತ್ತಿದ್ದೆವು.

ಕಡಲಾಚೆ ಮೌಂಟ್ ಗ್ಯಾಂಬಿಯರ್ ಊರಿನ ಗೇಟು ಕ್ಲಾರಿ ವೋಯ್ಟ್‌ನದು. ಇಬ್ಬರೂ ಯೌವನದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದವರು. ತಂತಿ ಸರಿಯಿದೆಯೇ ಎಂದು ಪರೀಕ್ಷಿಸುತ್ತ, ಇವನು ಈ ತುದಿಯಲ್ಲಿ ಹಲೋ ಎಂದು, ಅವನು ಆ ತುದಿಯಲ್ಲಿ ಹಲೋ ಎಂದು ಹುಟ್ಟಿದ ಸ್ನೇಹ ಅದು. ನಾಲ್ಕು ವರ್ಷದ ಹಿಂದೆ ಕ್ಲಾರಿಯ ಗಂಟಲಿಗೆ ಶಸ್ತ್ರಚಿಕಿತ್ಸೆಯಾಗಿ ಧ್ವನಿ ಪೂರ್ತಿ ಹೊರಟುಹೋಯಿತು. ಅಂದಿನಿಂದ ಅವರ ಮಾತೆಲ್ಲ ಸುರಂಗದಲ್ಲೇ. ಉಸಿರಾಟಕ್ಕಾಗಿ ಗಂಟಲಿಗಿಟ್ಟ ಕೊಳವೆಯ ಶುಶ್ರೂಷೆ ಮುಗಿಸಿ, ಮಧ್ಯಾಹ್ನ ಸರಿಯಾಗಿ ನಾಲ್ಕಕ್ಕೆ ಕ್ಲಾರಿಯೇ ಮೊದಲು ಬಾಗಿಲು ತಟ್ಟಬೇಕು. ನೆವಿಲ್ ತಾನಾಗಿ ಮಾತಿಗೆ ಕರೆಯಬಾರದು, ಅವನು ಯಾವ ಅವಸ್ಥೆಯಲ್ಲಿರುತ್ತಾನೋ ಏನೋ. ಯಾರೂ ಬಾಯಿಬಿಟ್ಟು ಹೇಳದ ಈ ನಿಯಮವನ್ನು ಇಬ್ಬರೂ ಒಂದು ದಿನವೂ ತಪ್ಪಿರಲಿಲ್ಲ.

ಕಳೆದ ಮಾರ್ಚ್‌ನಲ್ಲಿ ಕ್ಲಾರಿ ತನ್ನ ಯಂತ್ರದ ದಿನಚರಿಯನ್ನು ತೆರೆದು ನೋಡಿ ದಂಗಾದ. ಪುಟದ ಮೇಲೆ ಪುಟ ನೆವಿಲ್‌ನ ಕೂಗುಗಳೇ. ಅಂದು ನಾಲ್ಕಕ್ಕೆ ಪರದೆಯ ಮೇಲೆ ಬಂದದ್ದು ಹೀಗೆ: "ನಲವತ್ತೈದು ವರ್ಷ ಆದ್ಮೇಲೂ ನಂದು ಹಾಜರಿ ತಗೋತೀಯಲ್ಲೋ. ನಾನೇನು ಓಡಿಹೋಗೋ ಆಳಾ?"

ನೆವಿಲ್ ಅಂದು ರಾತ್ರಿಯೂಟ ಮಾಡಲಿಲ್ಲ ಎಂದು ಅವನ ಹೆಂಡತಿ ಡಾಫ್ನಿ ಹೇಳಿದಳು. ಕಣ್ಣಾರೆ ಕಂಡವಳು ಅವಳೇ ಆದ್ದರಿಂದ ನಂಬಿದೆ. ಅವಳೇ ಅವನಿಗೆ ಬುದ್ಧಿ ಹೇಳಿದ್ದಂತೆ: "ನಿನ್ನ ನಂಬಲ್ಲ, ನಿನ್ನ ನಂಬಲ್ಲ ಅಂತ ಐದೈದು ನಿಮಿಷಕ್ಕೂ ಹೇಳ್ತಿದ್ರೆ ಯಾರಿಗೆ ತಾನೇ ಬೇಜಾರಾಗಲ್ಲ?" ಬೆಳಗಾಗುತ್ತಲೇ ಆತ ಷೆಡ್ಡಿಗೆ ಹೋಗಿ ಹಾಜರಿಪಟ್ಟಿಯಿಂದ ಒಂದೇ ಒಂದು ಸಾಲನ್ನು, ಕ್ಲಾರಿಯ ಸಾಲನ್ನು, ಅಳಿಸಿದ. ಎಪ್ಪತ್ತೆರಡು ವರ್ಷದಲ್ಲಿ ಆತ ಪರೀಕ್ಷೆಯಿಲ್ಲದೆ ಒಬ್ಬನನ್ನು ನಂಬಿದ್ದು ಅದೇ ಮೊದಲು.

ಅಂದು ನಾಲ್ಕಕ್ಕೆ ಕ್ಲಾರಿ ಬರಲಿಲ್ಲ. ಮರುದಿನವೂ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನೆವಿಲ್ ತಾನೇ ಕೈಯಾರೆ ಕ್ಲಾರಿಯ ಗೇಟಿಗೆ ಒಂದು ಕೂಗು ಹಾಕಿದ. ಗೇಟು ತಟಕ್ಕನೆ ಓಗೊಟ್ಟಿತು. ಅಂದರೆ ತಂತಿ ಸರಿ, ಯಂತ್ರ ಸರಿ, ಸುರಂಗ ಸರಿ. ಉಳಿದ ಊರುಗಳ ಕಾವಲುಗಾರರೆಲ್ಲ ನಮ್ಮ ಗೇಟಿಗೆ ಸಲೀಸಾಗಿ ಬಂದುಹೋಗುತ್ತಿದ್ದರು. ಬಾರದವನು ಕ್ಲಾರಿ ಒಬ್ಬನೇ. ದಿನಾ ಬೆಳಿಗ್ಗೆ ಪರೀಕ್ಷೆ, ದಿನಾ ಅದೇ ಉತ್ತರ; ದಿನಾ ನಾಲ್ಕಕ್ಕೆ ಎರಡು ಲೋಟ ಚಹಾದ ಹೊತ್ತು ಖಾಲಿ ಪರದೆ. ಸಂಶಯಕ್ಕೆ ಇಷ್ಟು ಮೇವು ಸಿಕ್ಕಿದರೆ ಕೇಳಬೇಕೆ? ಕ್ಲಾರಿಗೆ ಹೊಸ ಗೆಳೆಯರು ಸಿಕ್ಕಿದ್ದಾರೆ ಎಂದ. ಹಾಜರಿಯ ವಿಷಯ ಕ್ಲಾರಿಯ ಕಿವಿಗೆ ಊದಿದವರು ಸಂಘದಲ್ಲೇ ಇದ್ದಾರೆ ಎಂದು, ಸಂಘದ ಕಾರ್ಯದರ್ಶಿಯಾದ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಊದಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವಂತಾಯಿತು. ನೀನೇ ಒಮ್ಮೆ ಮಾತಿಗೆ ಕರೆದುಬಿಡು ಎಂದರೆ, ಬಿಟ್ಟುಹೋದವನೇ ಬರಲಿ ಎಂದು ಕೋಟಿನ ಗುಂಡಿ ಹಾಕಿಕೊಂಡ. "ಒಂದೇ ಒಂದ್ಸಲ ನಂಬ್ದೆ," ಎಂದ, "ಏನಾಯ್ತು ನೋಡಿದ್ಯಲ್ಲ." ಆ ಮಾತಿನಲ್ಲಿ ದುಃಖದ ಜೊತೆ ಗೆದ್ದವನ ಒಂದು ಸಣ್ಣ ಸಮಾಧಾನವೂ ಇತ್ತು. ನನಗೆ ಭಯವಾದದ್ದು ಆ ಸಮಾಧಾನವನ್ನು ಕಂಡು.

ಹದಿನಾರನೆಯ ದಿನ ನನ್ನ ವಿಳಾಸಕ್ಕೆ ಅಂಚೆಯಲ್ಲಿ ಕ್ಲಾರಿಯ ಕಾಗದ ಬಂತು. ಎರಡು ವಾರದಿಂದ ದಿನಾ ನಾಲ್ಕಕ್ಕೆ ಅರ್ಧ ಗಂಟೆ ಬಾಗಿಲು ತಟ್ಟುತ್ತಿದ್ದೇನೆ, ಒಳಗಿನಿಂದ ಸದ್ದಿಲ್ಲ, ಐದು ನಿಮಿಷದ ಹಾಜರಿಯೂ ನಿಂತಿದೆ, ನನ್ನ ಒಂದು ಮಾತಿಗೆ ಇಷ್ಟು ಸಿಟ್ಟೇ ಎಂದು ಬರೆದಿದ್ದ. ಕೊನೆಗೆ, "ಮೂಗನ ಸಹವಾಸ ಸಾಕಾಗಿದ್ರೆ ಹಾಗಂತ ಹೇಳಿಬಿಡು ಅಂತ ಅವನಿಗೆ ಹೇಳು. ಇನ್ನೊಂದು ವಾರ ನೋಡಿ ಯಂತ್ರ ಮಾರಿಬಿಡ್ತೀನಿ."

ಕಾಗದ ಹಿಡಿದು ಷೆಡ್ಡಿಗೆ ಓಡಿದೆ. ನೆವಿಲ್ ಭೂತಗನ್ನಡಿ ತೆಗೆದು ಮೊದಲು ಅಂಚೆಮುದ್ರೆ ನೋಡಿದ, ಆಮೇಲೆ ಅಕ್ಷರ ನೋಡಿದ, ಆಮೇಲೆ ಹಳೆಯ ಕ್ರಿಸ್‌ಮಸ್ ಕಾರ್ಡೊಂದನ್ನು ಹುಡುಕಿ ತಂದು ಎರಡನ್ನೂ ಪಕ್ಕಪಕ್ಕ ಇಟ್ಟ.

"ಸುಳ್ಳು," ಎಂದ. "ತಟ್ಟಿದ್ರೆ ನನಗೆ ಕಾಣ್ತಿತ್ತು. ಗೇಟು ತೆಗೆದೇ ಇತ್ತು."

ನನಗೆ ರೇಗಿತು. "ನಿನ್ನ ಗೇಟು ತೆಗೆದಿದ್ದನ್ನ ಯಾರು ಕಣ್ಣಾರೆ ನೋಡಿದ್ದಾರೆ, ನೆವಿಲ್? ನೀನು ದಿನಾ ನೋಡಿದ್ದು ಅವನ ಗೇಟನ್ನ."

ಆತ ಭೂತಗನ್ನಡಿಯನ್ನು ಜೇಬಿಗಿಡಲು ಮರೆತು ಬಹಳ ಹೊತ್ತು ಕೈಯಲ್ಲೇ ಹಿಡಿದು ಕೂತ. ಊರಿನವರನ್ನೆಲ್ಲ ಸಂಶಯಿಸಿದ ಆ ಬುದ್ಧಿ ತನ್ನತ್ತ ತಿರುಗಿದ್ದು ಆಗಲೇ ಇರಬೇಕು. ಇಂಟರ್ನೆಟ್ ತಂತಿ ಷೆಡ್ಡಿನೊಳಗೆ ಬರುವಲ್ಲಿ ಗೋಡೆಗೆ ಹೊಡೆದಿದ್ದ ರೂಟರನ್ನು, ಆರು ವರ್ಷದ ಹಿಂದೆ ಬದಲಾದ ಆ ಸಣ್ಣ ಬಿಳಿ ಪೆಟ್ಟಿಗೆಯನ್ನು, ಆತ ಒಮ್ಮೆ ದಿಟ್ಟಿಸಿದ. ಇವತ್ತು ನಾಲ್ಕಕ್ಕೆ ಯಾರೂ ಏನೂ ಮುಟ್ಟಬಾರದು ಎಂದ.

ನಾಲ್ಕಾಯಿತು. ಆತ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಿದ್ದ. ಪರದೆ ಖಾಲಿ. ನಾಲ್ಕು ಹತ್ತರವರೆಗೆ ಖಾಲಿ. ಆಮೇಲೆ ಕೈ ಹೊರಗೆ ತೆಗೆದು, ಕ್ಲಾರಿಯ ಗೇಟಿಗೆ ಹಳೆಯ ಹಾಜರಿಯಂಥದೇ ಒಂದು ಕೂಗು ಹಾಕಿದ. ಗೇಟು ಓಗೊಟ್ಟಿತು. ನಾವು ಉಸಿರು ಬಿಡುವುದರೊಳಗೆ ಪರದೆಯ ಮೇಲೆ ಅಕ್ಷರ ಮೂಡಿದವು: "ನೆವ್, ಇದೀಯಾ?"

ಆ ಬಿಳಿ ಪೆಟ್ಟಿಗೆಯ ಸ್ವಭಾವವೇ ಅದು. ಮನೆಯೊಳಗಿನವರು ಈಗತಾನೇ ಯಾರನ್ನು ಕರೆದಿದ್ದಾರೋ ಅವರಿಗೆ ಮಾತ್ರ ಐದಾರು ನಿಮಿಷ ಬಾಗಿಲು ತೆಗೆದಿಡುತ್ತದೆ, ಕರೆಯದವರನ್ನು ಸದ್ದಿಲ್ಲದೆ ಆಚೆಯೇ ನಿಲ್ಲಿಸುತ್ತದೆ. ಸುರಂಗದ ಲಕೋಟೆಗಳನ್ನೆಲ್ಲ ಕೇಳದೆ ಒಳಗೆ ಬಿಡು ಎಂದು ಅದಕ್ಕೆ ಮೊದಲ ದಿನವೇ ಹೇಳಿಡಬೇಕಿತ್ತು. ನೆವಿಲ್ ಹೇಳಿರಲಿಲ್ಲ, ಹೇಳಬೇಕಾದ ಪ್ರಸಂಗವೇ ಬಂದಿರಲಿಲ್ಲ. ಆರು ವರ್ಷ ಆ ಬಾಗಿಲನ್ನು ತೆರೆದಿಟ್ಟದ್ದು ಆತನ ಹಾಜರಿ; ಅದು ನಿಂತದ್ದು ಕ್ಲಾರಿಯೊಬ್ಬನಿಗೇ ಆದ್ದರಿಂದ ಹೊರಗುಳಿದವನೂ ಅವನೊಬ್ಬನೇ. ಪರೀಕ್ಷೆ ಮಾಡಿದಾಗಲೆಲ್ಲ ಆತ ಒಳಗಿನಿಂದಲೇ ಮಾಡುತ್ತಿದ್ದ, ಹಾಗೆ ಮಾಡಿದ ಕ್ಷಣ ಬಾಗಿಲು ತೆರೆದೇ ಇರುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಆತ ಒಂದೊಂದೇ ಅಕ್ಷರ ಒತ್ತಿದ: "ಇದೀನಿ ಕಣೋ. ತಪ್ಪು ನಂದೇ."

ಆಚೆಯಿಂದ ಬಂದ ಉತ್ತರ: "ತಪ್ಪು ನಂದು ಅಂತ ನೆವಿಲ್ ಪ್ಯಾಸ್ಕೊ ಯಾವತ್ತೂ ಹೇಳಿಲ್ಲ. ನೀನು ಯಾರು ಅಂತ ಮೊದಲು ಸಾಕ್ಷಿ ಕೊಡು."

ನೆವಿಲ್ ನಗುತ್ತ ಅಳುತ್ತಿದ್ದ. ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಸಂಜೆಯೊಳಗೆ ಪೆಟ್ಟಿಗೆಗೆ ಹೇಳಬೇಕಾದದ್ದನ್ನು ಹೇಳಿ ಮುಗಿಸಿದ. ಈಗ ಯಾರು ಯಾವಾಗ ತಟ್ಟಿದರೂ ಬಾಗಿಲು ತೆರೆಯುತ್ತದೆ, ಹಾಜರಿಯ ಅಗತ್ಯ ಯಾರಿಗೂ ಇಲ್ಲ. ಆದರೆ ಅಳಿಸಿದ ಆ ಸಾಲನ್ನು ಆತ ಅಂದೇ ಮತ್ತೆ ಬರೆದ. ಬರೆಯಲು ಹೇಳಿದವನು ಕ್ಲಾರಿ.

ಸಂಶಯದ ಜನರನ್ನು ಕಂಡರೆ ನಮಗೆ ತಾತ್ಸಾರ. ಅವರ ಜೊತೆ ಬಾಳುವುದು ಕಷ್ಟ, ಅದು ನಿಜ. ಡಾಫ್ನಿಯನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ನಂಬುವವರಾದ ನಾವು ಮಾಡಿದ್ದೇನು? ಕ್ಲಾರಿ ಚೆನ್ನಾಗಿದ್ದಾನೆಂದು ನಾನು ಮನಃಪೂರ್ವಕವಾಗಿ ನಂಬಿದ್ದೆ, ಸಂಘದವರೆಲ್ಲ ನಂಬಿದ್ದರು. ಆ ಹದಿನಾರು ದಿನಗಳಲ್ಲಿ ಅವನ ಗೇಟಿನ ದಿನಚರಿಯಲ್ಲಿ ದಾಖಲಾದ ಕೂಗುಗಳನ್ನು ಕ್ಲಾರಿ ಆಮೇಲೆ ನನಗೆ ಕಳಿಸಿಕೊಟ್ಟ. ಮೂರನೆಯ ದಿನದಿಂದ ದಿನಕ್ಕೊಂದು ಇದ್ದವು, ಕೊನೆಯ ದಿನದ ನಾಲ್ಕು ಹತ್ತರದೊಂದು ಬಿಟ್ಟರೆ ಬೆಳಗಿನ ಹೊತ್ತಿನವು, ಎಲ್ಲವೂ ನೆವಿಲ್‌ನವು. ನನ್ನ ಹೆಸರು ಎಲ್ಲಾದರೂ ಇರಬಹುದೆಂದು ಆ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದೆ.